ಅಮ್ಮನಿಗೆ ಬೆನ್ನಿನ ಆಪರೇಷನ್ ಆಗಿ ಮನೆಗೆ ಬಂದಾಗಿದೆ: ಮಲಗಿಸಬೇಕೋ, ನಡೆಸಬೇಕೋ?

ಜಗಲಿಮನೆ · ಜೂನ್ 6, ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 58 ವರ್ಷ. ಸಾಗರದ ಹತ್ತಿರ ಹಳ್ಳಿಮನೆ, ಅಡಿಕೆ ತೋಟ. ಎರಡು ವರ್ಷದಿಂದ ಸೊಂಟನೋವು, ಆಮೇಲೆ ಎರಡೂ ಕಾಲಲ್ಲಿ ಜೋಮು. ಕೊನೆಕೊನೆಗೆ ಮನೆಯಿಂದ ಬೇಲಿ ಬಾಗಿಲ ಉಣಗೋಲಿನ ತನಕ ಹೋಗುವಷ್ಟರಲ್ಲಿ ಎರಡು ಸಲ ಕೂರಬೇಕಾಗುತ್ತಿತ್ತು. ಕೂತರೆ ಜೋಮು ಇಳಿಯುತ್ತಿತ್ತು, ಎದ್ದು ನಡೆದರೆ ಮತ್ತೆ ಅದೇ ಕಥೆ. ಎಂಆರ್‌ಐ ಮಾಡಿಸಿದಾಗ ಸೊಂಟದ ಎಲ್4 ಮೂಳೆ ಅದರ ಕೆಳಗಿನ ಎಲ್5ರ ಮೇಲೆ ಮುಂದಕ್ಕೆ ಜಾರಿದೆ, ನರ ಹೋಗುವ ದಾರಿ ಕಿರಿದಾಗಿದೆ ಅಂದರು. ಮೇ 30ಕ್ಕೆ ಆಪರೇಷನ್ ಆಯ್ತು. 4 ಸ್ಕ್ರೂ, 2 ರಾಡ್ ಹಾಕಿದ್ದಾರೆ. ನಿನ್ನೆ ಮನೆಗೆ ಕರೆತಂದೆವು.

ಆಪರೇಷನ್ ಚೆನ್ನಾಗಿ ಆಗಿದೆ, ಅದರ ಬಗ್ಗೆ ದೂರಿಲ್ಲ. ಆದರೆ ಮನೆಗೆ ಕಳಿಸುವಾಗ ಕೈಗೆ ಕೊಟ್ಟಿದ್ದು ಇಂಗ್ಲಿಷಿನ ಎರಡು ಹಾಳೆ ಮತ್ತು ಒಂದು ಬೆಲ್ಟು. "ಬಗ್ಗಬೇಡಿ, ಭಾರ ಎತ್ತಬೇಡಿ, 12ನೇ ದಿನ ಹೊಲಿಗೆ ಬಿಚ್ಚಿಸೋಕೆ ಬನ್ನಿ" ಅಂದರು, ಅಷ್ಟೇ. ನಮ್ಮ ಮನೆಯಲ್ಲಿ ಬಗ್ಗದೆ ಆಗುವ ಕೆಲಸ ಯಾವುದಿದೆ? ಬಚ್ಚಲೊಲೆಗೆ ಬೆಂಕಿ ಹಾಕೋದು, ಹೆರೆಮಣೆ, ಮೆಟ್ಟುಗತ್ತಿ, ಊಟ, ಕಕ್ಕಸು ಎಲ್ಲವೂ ನೆಲದ ಮೇಲೆ.

ಅತ್ತೆ, ದೊಡ್ಡಮ್ಮ ಎಲ್ಲ ನೋಡಲು ಬಂದವರು ಒಂದೇ ಮಾತು ಹೇಳಿ ಹೋದರು: "ಮೂರು ತಿಂಗಳು ಹಾಸಿಗೆ ಬಿಟ್ಟು ಏಳಿಸಬೇಡ, ಬಾಣಂತಿ ಹಾಗೆ ನೋಡ್ಕೋ." ಅಮ್ಮನೋ ಇವತ್ತು ಬೆಳಿಗ್ಗೆ ನಾನು ಹಾಲು ತರೋಕೆ ಹೋದಾಗ ತಾನೇ ಎದ್ದು ಕೊಟ್ಟಿಗೆ ಬಾಗಿಲ ತನಕ ಹೋಗಿದ್ದಳು. ನಾನು ಬೆಂಗಳೂರಿಂದ ಮೂರು ವಾರ ರಜೆ ಹಾಕಿ ಬಂದಿದ್ದೇನೆ. ನಿಜವಾಗಿ ಮಲಗಿಸಬೇಕೋ, ನಡೆಸಬೇಕೋ? ಅನುಭವ ಇದ್ದವರು ದಯವಿಟ್ಟು ಹೇಳಿ.

ಹಾಸನದ ಸ್ಟೇರಿಂಗ್ · ಜೂನ್ 6, ರಾತ್ರಿ 11:20

ಅಕ್ಕ, ಮಲಗಿಸಿ ಇಡಬೇಡಿ. ನಾನು ಬಸ್ ಡ್ರೈವರ್, ಎಲ್5-ಎಸ್1 ಡಿಸ್ಕ್ (ಸೊಂಟದ ಕೊನೇ ಮೂಳೆ ಕೆಳಗಿನ ಮೆತ್ತೆ) ಆಪರೇಷನ್ ಆದವನು, ಅದೂ ಎರಡು ಸಲ. ಎರಡನೇ ಸಲ ಯಾಕಾಯ್ತು ಅಂತ ಪುರುಸೊತ್ತಲ್ಲಿ ಬರೀತೀನಿ. ನನ್ನನ್ನ ಆಪರೇಷನ್ ಮರುದಿನವೇ ಎದ್ದು ನಿಲ್ಲಿಸಿ ನಡೆಸಿದ್ರು. ನಿಮ್ಮಮ್ಮ ಕೊಟ್ಟಿಗೆ ತನಕ ನಡೆದಿದ್ದು ತಪ್ಪಲ್ಲ. ಒಬ್ಬರೇ ನಡೆದಿದ್ದು ತಪ್ಪು. ಅಲ್ಲಿ ಹೋಗಿ ಬಗ್ಗಿ ಹುಲ್ಲು ಹಾಕಿದ್ರೆ ಅದು ದೊಡ್ಡ ತಪ್ಪು.

ಹುಬ್ಬಳ್ಳಿ ಫಿಸಿಯೋ · ಜೂನ್ 7, ಬೆಳಿಗ್ಗೆ 6:15

ಅಕ್ಕಾರ, ನಾನು 14 ವರ್ಷದಿಂದ ಫಿಸಿಯೋಥೆರಪಿಸ್ಟ್. ನಿಮ್ಮ ಸರ್ಜನ್ ಹೇಳಿದ್ದು ಮೊದಲು, ನಾನು ಹೇಳೂದು ಆಮೇಲೆ. ಅವರಿಗೆ ಒಂದು ಫೋನ್ ಹಚ್ಚಿ ಖಾತ್ರಿ ಮಾಡ್ಕೊಂಡು ಇದನ್ನ ಅನುಸರಿಸ್ರಿ.

ಮಲಗೇ ಇದ್ದರ ಕಾಲಿನ ರಕ್ತ ನಿಂತು ಹೆಪ್ಪುಗಟ್ಟೂ ಅಪಾಯ ಐತಿ, ಎದೆಯೊಳಗ ಕಫ ಕೂಡತೈತಿ, ಸ್ನಾಯು ಸೊರಗತಾವ. ಬೆನ್ನಿನ ಆಪರೇಷನ್ ಆದವರಿಗೆ ಮೊದಲ ಆರು ವಾರ ನಡಿಗೆನೇ ವ್ಯಾಯಾಮ, ಬ್ಯಾರೆ ಏನೂ ಬ್ಯಾಡ. ಒಮ್ಮೆಲೆ ಅರ್ಧ ತಾಸು ನಡೆಸಬ್ಯಾಡ್ರಿ. ಐದೈದು ನಿಮಿಷ, ದಿನಕ್ಕ ಐದಾರು ಸಲ. ಎರಡು ದಿನಕ್ಕೊಮ್ಮೆ ಒಂದೆರಡು ನಿಮಿಷ ಹೆಚ್ಚಿಸ್ರಿ. ಮರುದಿನ ನೋವು ಜಾಸ್ತಿ ಆತಂದ್ರ ಹಿಂದಿನ ಲೆಕ್ಕಕ್ಕ ವಾಪಸ್ ಬರ್ರಿ.

ಎಲ್ಲಾರೂ ಎತ್ತೂದರ ಬಗ್ಗೆ ಹೆದರತಾರ, ಕೂಡೂದರ ಬಗ್ಗೆ ಯಾರೂ ಯೋಚನೆ ಮಾಡೂದಿಲ್ಲ. 1960ರ ದಶಕದಾಗ ಸ್ವೀಡನ್ನಿನ ಆಲ್ಫ್ ನಾಖೆಮ್ಸನ್ ಅನ್ನೋ ಸರ್ಜನ್ ಡಿಸ್ಕಿನೊಳಗ ಸೂಜಿ ಇಟ್ಟು ಒತ್ತಡ ಅಳದ. ನಿಂತಾಗಿನ ಒತ್ತಡ 100 ಅಂತ ಹಿಡಿದರ ಅಂಗಾತ ಮಲಗಿದಾಗ 25ರ ಆಸುಪಾಸು, ಕೂತಾಗ 140, ಕೂತು ಮುಂದ ಬಾಗಿದಾಗ 185. ಮುಂದಿನ ಅಳತಿಯೊಳಗ ನಿಲ್ಲೂದಕ್ಕೂ ಕೂಡೂದಕ್ಕೂ ಅಷ್ಟು ಫರಕು ಸಿಗಲಿಲ್ಲ ಖರೆ, ಆದರ ಬಾಗಿದಾಗ ಏರತೈತಿ ಅನ್ನೂದು ಬದಲಾಗಲಿಲ್ಲ. ಮೆಟ್ಟುಗತ್ತಿ ಮುಂದ ಕೂತು ಕಾಯಿಪಲ್ಯೆ ಹೆಚ್ಚೂದು ಅಂದ್ರ ಆ ಕೊನೆ ಲೆಕ್ಕನೇ. ಸದ್ಯ ಕೈ ಇರೂ ಕುರ್ಚಿ ಮ್ಯಾಲ 20 ನಿಮಿಷಕ್ಕಿಂತ ಹೆಚ್ಚು ಒಂದೇ ಸಮ ಕೂಡಿಸಬ್ಯಾಡ್ರಿ.

ಏಳೂದು ಹೆಂಗ ಅನ್ನೂದನ್ನ ಇವತ್ತೇ ಕಲಿಸ್ರಿ. ಅಂಗಾತ ಮಲಗಿದವರು ಸೀದಾ ಎದ್ದು ಕೂಡಬಾರದು. ಮೊದಲು ಎರಡೂ ಮಂಡಿ ಮಡಚಬೇಕು. ಭುಜ, ಸೊಂಟ, ಮಂಡಿ ಒಟ್ಟಿಗೆ ಒಂದೇ ತುಂಡು ಮರದ ದಿಮ್ಮಿ ಹೊರಳಿದಂಗ ಪಕ್ಕಕ್ಕ ಹೊರಳಬೇಕು. ಕಾಲು ಮಂಚದ ಅಂಚಿನಿಂದ ಕೆಳಗ ಬಿಡೂ ಹೊತ್ತಿಗೇ ಮೊಣಕೈ, ಅಂಗೈ ಊರಿ ಮ್ಯಾಲ ಬರಬೇಕು. ಕಾಲಿನ ಭಾರನೇ ಮೈಯನ್ನ ಎತ್ತತೈತಿ. ಕೂತಮ್ಯಾಲ ಒಂದು ನಿಮಿಷ ತಡೀರಿ, ತಲಿ ತಿರುಗೂದು ನಿಂತ ಮ್ಯಾಲ ನಿಲ್ಲಿಸ್ರಿ. ನೀವು ಕಂಕುಳಿಗೆ ಕೈ ಹಾಕಿ ಎಳೀಬ್ಯಾಡ್ರಿ.

ಎಣ್ಣೆಗಾಣ · ಜೂನ್ 7, ಬೆಳಿಗ್ಗೆ 9:40

ನಮ್ಮ ತಂದೆಯವರಿಗೆ ಸೊಂಟ ಹಿಡಿದಾಗ ಮಹಾನಾರಾಯಣ ತೈಲ ಬಿಸಿ ಮಾಡಿ ಉಜ್ಜಿ ಬಿಸಿನೀರು ಹುಯ್ಯುತ್ತಿದ್ದೆವು, ಬಹಳ ಆರಾಮ ಆಗ್ತಿತ್ತು. ನೆಲದ ಮೇಲೆ ಚಾಪೆ ಹಾಸಿ ಮಲಗಿಸಿ. ಮೆತ್ತನೆ ಹಾಸಿಗೆ ಬೆನ್ನಿಗೆ ಶತ್ರು.

ಕುಡ್ಲ ನರ್ಸ್ · ಜೂನ್ 7, ಮಧ್ಯಾಹ್ನ 2:05

ಎಣ್ಣೆಗಾಣದವರೇ, ನಿಮ್ಮ ತಂದೆಯವರಿಗೆ ಆದದ್ದು ಸ್ನಾಯು ಹಿಡಿದದ್ದು. ಇಲ್ಲಿ ಮೂಳೆಗೆ ಸ್ಕ್ರೂ ಕೂರಿಸಿದ್ದಾರೆ, ಗಾಯ ಇನ್ನೂ ಹಸಿ ಇದೆ. ಎಣ್ಣೆ, ತಿಕ್ಕುವುದು, ಶಾಖ, ತುಳಿಸುವುದು ಯಾವುದೂ ಬೇಡವೇ ಬೇಡ. ಗಾಯಕ್ಕೆ ಎಣ್ಣೆ ಇಳಿದರೆ ಸೋಂಕು. ಒಳಗೆ ಲೋಹ ಇರುವಾಗ ಸೋಂಕಾದರೆ ಕೆಲವೊಮ್ಮೆ ಮತ್ತೆ ತೆರೆದು ತೊಳೆಯಬೇಕಾಗ್ತದೆ. ನಾನು ಸರ್ಜಿಕಲ್ ವಾರ್ಡಿನಲ್ಲಿ ಅದನ್ನು ಕಣ್ಣಾರೆ ನೋಡಿದ್ದೇನೆ.

ನೆಲದ ಚಾಪೆಯೂ ಬೇಡ ಮಾರಾಯ್ರೆ. ಮಲಗಿದರೆ ತೊಂದರೆ ಇಲ್ಲ, ಅಲ್ಲಿಂದ ಏಳುವುದೇ ಕಷ್ಟ. ಮಂಚ ಮಂಡಿಯ ಎತ್ತರಕ್ಕೆ ಇರಲಿ. ಹತ್ತಿ ಹಾಸಿಗೆ, ತೆಂಗಿನ ನಾರಿನ ಹಾಸಿಗೆ ಯಾವುದಾದರೂ ಆದೀತು, ಕುಳಿ ಬಿದ್ದಿರಬಾರದು. ಅಂಗಾತ ಮಲಗಿದರೆ ಮಂಡಿ ಕೆಳಗೊಂದು ದಿಂಬು, ಮಗ್ಗುಲಿಗೆ ಮಲಗಿದರೆ ಮಂಡಿಗಳ ನಡುವೆ ಒಂದು.

ಜಗಲಿಮನೆ ಅವರೇ, ಇವಿಷ್ಟನ್ನು ಬರೆದು ಗೋಡೆಗೆ ಅಂಟಿಸಿ. ಮೂತ್ರ ಕಟ್ಟಿದರೆ ಅಥವಾ ಗೊತ್ತಾಗದೆ ಹೋದರೆ, ತೊಡೆಸಂದಿಯಲ್ಲಿ ಮುಟ್ಟಿದ್ದು ತಿಳಿಯದೆ ಇದ್ದರೆ, ಕಾಲಿನ ಬಲ ಹೊಸದಾಗಿ ಕಡಿಮೆ ಆದರೆ ಬೆಳಗಾಗಲಿ ಅಂತ ಕಾಯಬಾರದು, ಕೂಡಲೇ ಆಸ್ಪತ್ರೆಗೆ. ಒಂದೇ ಕಾಲಿನ ಮೀನಖಂಡ ಊದಿ ನೋವು ಬಂದರೆ, ಏದುಸಿರು ಬಂದರೆ ಹಾಗೆಯೇ. ಜ್ವರ 100.4 ದಾಟಿದರೆ, ಗಾಯ ಕೆಂಪಾಗಿ ಒಸರಿದರೆ ಅದೇ ದಿನ ಫೋನ್ ಮಾಡಿ. ಗಾಯದಿಂದ ತಿಳಿನೀರಿನ ಹಾಗೆ ಸುರಿದು, ಎದ್ದು ನಿಂತರೆ ತಲೆನೋವು, ಮಲಗಿದರೆ ಕಡಿಮೆ ಆಗುವುದು ಅಂತಾದರೆ ಬೆನ್ನುಹುರಿಯ ಹೊದಿಕೆಯಿಂದ ನೀರು ಸೋರುತ್ತಿರಬಹುದು. ಅದನ್ನೂ ತಕ್ಷಣ ಹೇಳಬೇಕು. ಇವೆಲ್ಲ ಬಂದೇ ಬರ್ತದೆ ಅಂತಲ್ಲ, ಹೆಚ್ಚಿನವರಿಗೆ ಬರುವುದಿಲ್ಲ.

ಎಣ್ಣೆಗಾಣ · ಜೂನ್ 7, ಸಂಜೆ 7:30

ಸಿಸ್ಟರ್, ತಿಳಿಸಿಕೊಟ್ಟಿದ್ದಕ್ಕೆ ಧನ್ಯವಾದ. ಆಪರೇಷನ್ ಆದವರಿಗೂ ಆಗದವರಿಗೂ ಒಂದೇ ಮದ್ದು ಅಂದುಕೊಂಡಿದ್ದೆ. ಜಗಲಿಮನೆ ಅವರು ನನ್ನ ಸಲಹೆ ಬಿಟ್ಟುಬಿಡಿ.

ಜಗಲಿಮನೆ · ಜೂನ್ 10, ರಾತ್ರಿ 9:15

ಸರ್ಜನ್‌ಗೆ ಫೋನ್ ಮಾಡಿದೆ. ನಡೆಸಿ, ಚೆನ್ನಾಗಿ ನಡೆಸಿ ಅಂದರು. ಇನ್ನು ನಮ್ಮ ಮನೆಯ ಕೆಲಸ.

ಮಂಚದ ಕಾಲಿಗೆ ಎರಡೆರಡು ಹಲಗೆ ತುಂಡು ಕೊಟ್ಟು ಎತ್ತರಿಸಿದೆವು. ಅಲುಗಾಡದ ಹಾಗೆ ಅಪ್ಪ ಮೊಳೆ ಹೊಡೆದ. ಶಿವಮೊಗ್ಗದ ಸರ್ಜಿಕಲ್ ಅಂಗಡಿಯಿಂದ ಕಮೋಡ್ ಕುರ್ಚಿ ತರಿಸಿದೆವು, 2,400 ರೂಪಾಯಿ. ಅದರ ಬಕೆಟ್ ತೆಗೆದು ಕುರ್ಚಿಯನ್ನು ಹಳೇ ಕಕ್ಕಸಿನ ಗುಂಡಿ ಮೇಲೇ ಇಟ್ಟಿದ್ದೇವೆ. ಬಚ್ಚಲಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಪಕ್ಕ ಸ್ಟೂಲಿನ ಮೇಲೆ ನೀರಿನ ಬಕೆಟ್. ಬಚ್ಚಲೊಲೆ ಬೆಂಕಿ ಅಪ್ಪನ ಜವಾಬ್ದಾರಿ. 34 ವರ್ಷದಲ್ಲಿ ಅಪ್ಪ ಆ ಒಲೆ ಮುಂದೆ ಕೂತಿದ್ದು ಇದೇ ಮೊದಲು ಅಂತ ಅಮ್ಮ ಹೇಳಿದಳು. ಅಪ್ಪ ಏನೂ ಹೇಳಲಿಲ್ಲ, ಮಾರನೇ ದಿನ ಬೆಳಿಗ್ಗೆ ಐದಕ್ಕೇ ಹಂಡೆ ನೀರು ಕಾದಿತ್ತು.

ಮಳೆ ಹಿಡಿದಿದೆ, ಅಂಗಳ ಪಾಚಿ ಕಟ್ಟಿ ಜಾರುತ್ತದೆ. ಹಾಗಾಗಿ ನಡಿಗೆ ಜಗಲಿಯಲ್ಲೇ. ಈ ತುದಿಯಿಂದ ಆ ತುದಿಗೆ ಅಮ್ಮನ 22 ಹೆಜ್ಜೆ. ಲೆಕ್ಕ ತಪ್ಪುತ್ತದೆ ಅಂತ ಕಿಟಕಿ ಹಲಗೆ ಮೇಲೆ ಚಾಲಿ ಅಡಿಕೆ ಇಟ್ಟುಕೊಂಡಿದ್ದಾಳೆ. ಒಂದು ಸುತ್ತು ಮುಗಿದರೆ ಒಂದು ಅಡಿಕೆ ಎಡದಿಂದ ಬಲಕ್ಕೆ. ಇವತ್ತು ಒಂದು ಸರದಿಗೆ 9 ಅಡಿಕೆ.

ಫಿಸಿಯೋ ಅವರೇ, ದಿಮ್ಮಿ ಹೊರಳೋ ಮಾತು ಅಮ್ಮನಿಗೆ ಕೂಡಲೇ ಅರ್ಥವಾಯ್ತು. "ನಾಟ ಹೊರಳಿಸೋದು ನಾ ಕಂಡಿಲ್ವ" ಅಂದು ಮೂರನೇ ಸಲಕ್ಕೆ ಸರಿಯಾಗಿ ಎದ್ದಳು.

ಲೀಡ್ಸ್ ಕನ್ನಡತಿ · ಜೂನ್ 11, ರಾತ್ರಿ 1:10

ಓದಿ ಕಣ್ಣು ತುಂಬಿ ಬಂತು. ನನಗೆ ಇಲ್ಲಿ ಇಂಗ್ಲೆಂಡಿನಲ್ಲಿ ಮೈಕ್ರೋಡಿಸ್ಕೆಕ್ಟಮಿ (ಸಣ್ಣ ಗಾಯ ಮಾಡಿ ಡಿಸ್ಕಿನ ಹೊರಬಂದ ಚೂರು ತೆಗೆಯೋ ಆಪರೇಷನ್) ಆದ ಮರುದಿನವೇ ಮನೆಗೆ ಕಳಿಸಿದರು. ಗಂಡ ಕೆಲಸಕ್ಕೆ ಹೋದರೆ ಸಂಜೆ ತನಕ ಒಬ್ಬಳೇ. ಕೆಳಗೆ ಬಿದ್ದಿದ್ದನ್ನು ಎತ್ತಲು ತುದಿಯಲ್ಲಿ ಚಿಮಟ ಇರುವ ಎರಡೂವರೆ ಅಡಿ ಕೋಲು ಕೊಟ್ಟಿದ್ದರು, ಅದೇ ನನ್ನ ಜೊತೆಗಾರ. ದಿನ ಬಳಸೋ ಸಾಮಾನನ್ನೆಲ್ಲ ಸೊಂಟಕ್ಕೂ ಭುಜಕ್ಕೂ ನಡುವಿನ ಎತ್ತರಕ್ಕೆ ಎತ್ತಿಡಿ. ಅಡುಗೆಮನೆ ಕೆಳಗಿನ ಡಬ್ಬಿಗಳೇ ನಮ್ಮನ್ನು ಬಗ್ಗಿಸೋದು. ಚಪ್ಪಲಿ ಹಿಂಬದಿ ಪಟ್ಟಿ ಇರೋದಾಗಿರಲಿ, ಹವಾಯಿ ಬೇಡ.

ಜಗಲಿಮನೆ · ಜೂನ್ 13, ಮಧ್ಯಾಹ್ನ 3:30

ನಿನ್ನೆ ಹೊಲಿಗೆ ಬಿಚ್ಚಿಸಿ ಬಂದೆವು, ಗಾಯ ಒಣಗಿದೆ. ನಿಮ್ಮ ಕೋಲಿನ ಮಾತು ಕೇಳಿ ಅಪ್ಪ ಹೂ ಕೊಯ್ಯುವ ಸಣ್ಣ ದೋಟಿಯನ್ನು ಮಂಚದ ಪಕ್ಕ ತಂದಿಟ್ಟ. ಟವೆಲ್ ಎಳೆದುಕೊಳ್ಳೋಕೆ ಸಾಕಾಗುತ್ತದೆ.

ಎರಡು ತೊಂದರೆ. ನಾಲ್ಕು ದಿನದಿಂದ ಹೊಟ್ಟೆ ಹೋಗಿಲ್ಲ, ತಿಣುಕಿದರೆ ಬೆನ್ನಿಗೆ ನೋವು ಅಂತ ಹೆದರಿ ಊಟವನ್ನೇ ಕಡಿಮೆ ಮಾಡಿದ್ದಾಳೆ. ಎರಡನೆಯದು ನನಗೆ ಹೆಚ್ಚು ಕಷ್ಟದ್ದು. ನಿನ್ನೆ ರಾತ್ರಿ ನೀರು ಕೊಡಲು ಹೋದಾಗ ಗೋಡೆ ಕಡೆ ಮುಖ ಮಾಡಿ ಅಳುತ್ತಿದ್ದಳು. "ಮನೆಗೆ ಭಾರ ಆದೆ, ಒಂದು ಕಾಯಿ ಹೆರೆಯೋಕೂ ಬಾರದ ಜನ್ಮ" ಅಂದಳು. ನಾನು ಏನೇನೋ ಸಮಾಧಾನ ಹೇಳಿದೆ, ಯಾವುದೂ ತಾಗಲಿಲ್ಲ.

ಕುಡ್ಲ ನರ್ಸ್ · ಜೂನ್ 13, ಸಂಜೆ 5:00

ಮಾತ್ರೆಗಳಲ್ಲಿ ಟ್ರಮಡಾಲ್ ಅನ್ನುವ ನೋವಿನ ಮಾತ್ರೆ ಇದೆಯಾ ನೋಡಿ. ಅದು ಕರುಳನ್ನು ನಿಧಾನ ಮಾಡ್ತದೆ. ಊಟ ಕಡಿಮೆ ಮಾಡಿದರೆ ಇನ್ನೂ ಕಟ್ಟುವುದು. ನಾಲ್ಕು ದಿನ ಅಂದರೆ ಮನೆಮದ್ದಿಗೆ ಕಾಯಬೇಡಿ. ಇವತ್ತೇ ಡಾಕ್ಟರಿಗೆ ಹೇಳಿ ಮಲ ಸಡಿಲ ಮಾಡುವ ಲ್ಯಾಕ್ಟುಲೋಸ್ ಸಿರಪ್ ಥರದ್ದು ಬರೆಸಿಕೊಳ್ಳಿ, ನೋವಿನ ಮಾತ್ರೆ ಬದಲಿಸಬಹುದಾ ಅಂತಲೂ ಕೇಳಿ. ಮುಂದೆ ಕಟ್ಟದ ಹಾಗೆ ಬೆಚ್ಚಗಿನ ನೀರು, ನೆನೆಸಿದ ಒಣದ್ರಾಕ್ಷಿ, ಬಸಳೆ, ಹರಿವೆ ಸಾರು. ಇಸಬಗೋಲು ಕೊಟ್ಟರೆ ನೀರು ಧಾರಾಳ ಕುಡಿಸಬೇಕು, ನೀರಿಲ್ಲದೆ ಕೊಟ್ಟರೆ ಉಲ್ಟಾ ಆಗ್ತದೆ. ಹೊಟ್ಟೆ ಉಬ್ಬರಿಸಿ ವಾಂತಿ ಬಂದರೆ ತಡ ಮಾಡಬೇಡಿ.

ಮೈಸೂರು ಟೀಚರ್ · ಜೂನ್ 13, ರಾತ್ರಿ 8:45

ಮಗಳೇ, ನನಗೆ 66. ಏಳು ವರ್ಷದ ಹಿಂದೆ ನಿಮ್ಮ ಅಮ್ಮನಿಗೆ ಆದ ಆಪರೇಷನ್ನೇ ನನಗೂ ಆಯಿತು. ಎರಡನೇ ವಾರ ನಾನೂ ಹಾಗೇ ಅತ್ತಿದ್ದೆ. ಆಸ್ಪತ್ರೆಯಲ್ಲಿ ಇರುವಾಗ ಎಲ್ಲರೂ ಸುತ್ತ ಇರುತ್ತಾರೆ, ಧೈರ್ಯ ಇರುತ್ತದೆ. ಮನೆಗೆ ಬಂದು, ನಮ್ಮ ಸೌಟು ಇನ್ನೊಬ್ಬರ ಕೈಯಲ್ಲಿ ಆಡುವುದನ್ನು ಮಲಗಿ ನೋಡುವಾಗ ಕರುಳು ಕಿವುಚುತ್ತದೆ. "ನೀನು ಆರಾಮಾಗಿರಮ್ಮ" ಅಂತ ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಿದ್ದರು. ನನಗೆ ಅದು "ನೀನು ಬೇಡಮ್ಮ" ಅಂತ ಕೇಳುತ್ತಿತ್ತು.

ಅವರಿಂದ ಕೆಲಸ ಕಿತ್ತುಕೊಳ್ಳಬೇಡಿ, ಕೆಲಸವನ್ನು ಎತ್ತರಕ್ಕೆ ತನ್ನಿ. ಕಟ್ಟೆಗೆ ತಿರುಪು ಹಾಕಿ ಕೂರಿಸುವ ಕಾಯಿ ತುರಿಯೋ ಮಣೆ ಸಿಗುತ್ತದೆ, ನಿಂತೇ ತುರಿಯಬಹುದು. ಈಗಲೇ ಬೇಡ, ಡಾಕ್ಟರು ಒಪ್ಪಿದ ಮೇಲೆ. ಅಲ್ಲಿಯವರೆಗೆ ಹೂ ಕಟ್ಟಲಿ, ಬತ್ತಿ ಹೊಸೆಯಲಿ, ಸೊಪ್ಪು ಬಿಡಿಸಲಿ. ತಟ್ಟೆ ಎದೆಮಟ್ಟಕ್ಕೆ ಇರುವ ಹಾಗೆ ಮೇಜು ಕೊಡಿ. ಮನೆಯ ಲೆಕ್ಕಪತ್ರ ಅವರ ಕೈಗೆ ಕೊಡಿ. ಸಾರಿಗೆ ಉಪ್ಪು ಎಷ್ಟು ಅಂತ ಅವರನ್ನೇ ಕೇಳಿ. ಅಳು ವಾರಗಟ್ಟಲೆ ನಿಲ್ಲದೆ ನಿದ್ದೆ, ಊಟ ಎರಡೂ ಬಿಟ್ಟರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ಅದೂ ಕಾಯಿಲೆಯೇ.

ಹಾಸನದ ಸ್ಟೇರಿಂಗ್ · ಜೂನ್ 15, ಬೆಳಿಗ್ಗೆ 5:30

ಬರೀತೀನಿ ಅಂದಿದ್ದೆ. ನನ್ನ ಮೊದಲ ಆಪರೇಷನ್ ಆಗಿ ಐದನೇ ವಾರ. ಕಾಲಿನ ಸೆಳೆತ ಪೂರ್ತಿ ಹೋಗಿತ್ತು. ಮೂರು ವರ್ಷ ನರಳಿದ ನೋವು ಇಲ್ಲ ಅಂದ್ರೆ ಮನುಷ್ಯನಿಗೆ ತಾನು ಹೊಸದಾಗಿ ಹುಟ್ಟಿದೆ ಅನ್ಸುತ್ತೆ. ಅವತ್ತು ಅಂಗಡಿಯವ್ನು 25 ಕೆಜಿ ಅಕ್ಕಿ ಮೂಟೆ ಬಾಗಿಲಲ್ಲಿ ಇಳಿಸಿ ಹೋದ. ಹೆಂಡತಿ ಎತ್ತೋಕೆ ಬಂದ್ಲು. ನಾನು ನಿಂತು ನೋಡೋದಾ ಅಂತ ಬಗ್ಗಿ ಎತ್ತಿದೆ, ತಿರುಗಿದೆ. ಅಡುಗೆಮನೆ ಹೊಸ್ತಿಲು ದಾಟೋ ಹೊತ್ತಿಗೆ ಚಕ್ ಅಂತು. ಮೂಟೆ ಕೈಯಲ್ಲೇ ಇತ್ತು, ಎಡಗಾಲು ನನ್ನದಾಗಿ ಇರಲಿಲ್ಲ. ಉಳಿದಿದ್ದ ಡಿಸ್ಕ್ ಅದೇ ಜಾಗದಲ್ಲಿ ಮತ್ತೆ ಹೊರಬಂದಿತ್ತು. ಹೀಗೆ ಮರುಕಳಿಸೋದು 100ರಲ್ಲಿ ಐದರಿಂದ ಹದಿನೈದು ಜನಕ್ಕೆ ಆಗುತ್ತೆ ಅಂತ ಡಾಕ್ಟರು ಹೇಳಿದ್ರು. ಎಲ್ಲರಿಗೂ ಮೂಟೆ ಎತ್ತೇ ಆಗೋದಿಲ್ಲ, ನಂದು ಮಾತ್ರ ಹಾಗಾಯ್ತು.

ಮನೇಲಿ ಇರೋರಿಗೆ ಕೈ ಮುಗಿದು ಹೇಳ್ತೀನಿ. ನೋವಿರೋವಾಗ ನಾವೇ ಹುಷಾರಾಗಿರ್ತೀವಿ. ನೋವು ಹೋದ ವಾರದಿಂದ ನಮ್ಮನ್ನ ಕಾಯಿರಿ. ಎರಡನೇ ಆಪರೇಷನ್ ಆದ ಮೇಲೆ ಪಾದದ ಬಲ ಪೂರ್ತಿ ಬರಲಿಲ್ಲ, ಕ್ಲಚ್ ಒತ್ತೋಕೆ ಆಗಲ್ಲ. ಈಗ ಡಿಪೋದಲ್ಲಿ ಕೂತು ಟ್ರಿಪ್ ಶೀಟ್ ಬರೀತೀನಿ. ಸ್ಟೇರಿಂಗ್ ಹಿಡಿದು ನಾಲ್ಕು ವರ್ಷ ಆಯ್ತು.

ಜಗಲಿಮನೆ · ಜುಲೈ 12, ರಾತ್ರಿ 10:00

ಆರು ವಾರ ಆಯ್ತು. ಹಾಸನದ ಅಣ್ಣ, ನಿಮ್ಮ ಬರಹವನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ಆಮೇಲೆ ಅವಳು ಬಿಂದಿಗೆ ಕಡೆ ಕೈ ಚಾಚಿಲ್ಲ.

ಹೊಟ್ಟೆ ಸರಿಯಾಗಿದೆ, ಸಿರಪ್ಪೂ ಬಸಳೆಯೂ ಎರಡೂ ಕೆಲಸ ಮಾಡಿದವು. ನಾನು ಈಗ ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಿದ್ದೇನೆ. ಜಗಲಿ ಲೆಕ್ಕ ಒಂದು ಸರದಿಗೆ 40 ಅಡಿಕೆಗೆ ಬಂದಿದೆ. ಬೆಲ್ಟನ್ನು ಎದ್ದಾಗ ಮಾತ್ರ, ಹತ್ತಿ ಬನಿಯನ್ ಮೇಲೆ ಕಟ್ಟುತ್ತೇವೆ.

ಕೇಳಬೇಕಾದ್ದು ಎರಡು. ಕಾಲುನೋವು ಹೋಗಿದೆ, ಆದರೆ ಬಲಗಾಲಿನ ಹೆಬ್ಬೆರಳಿನ ಹತ್ತಿರ ಇನ್ನೂ ಜೋಮು. ಆಪರೇಷನ್ ಪೂರ್ತಿ ಫಲ ಕೊಟ್ಟಿಲ್ಲವೇ ಅಂತ ಅವಳಿಗೆ ಚಿಂತೆ. ಇನ್ನೊಂದು, ಅಮ್ಮ ಮೊದಲಿಂದ ಕವಳ (ಎಲೆ-ಅಡಿಕೆ) ಹಾಕುವವಳು, ಹೊಗೆಸೊಪ್ಪು ಸೇರಿಸಿ. ಆಸ್ಪತ್ರೆಯಲ್ಲಿ ಬಿಟ್ಟಿದ್ದಳು. ಈಗ ಬೇಜಾರಿಗೆ ಮತ್ತೆ ಶುರುವಾಗಿದೆ. ನಮ್ಮಲ್ಲಿ ಇದನ್ನು ಯಾರೂ ಚಟ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹುಬ್ಬಳ್ಳಿ ಫಿಸಿಯೋ · ಜುಲೈ 13, ಬೆಳಿಗ್ಗೆ 6:40

ಮೊದಲು ಹೊಗೆಸೊಪ್ಪು. ಇದನ್ನ ಸಣ್ಣ ಮಾತು ಅನ್ಕೋಬ್ಯಾಡ್ರಿ ಅಕ್ಕಾರ. ಸ್ಕ್ರೂ, ರಾಡು ಇರೂದು ಮೂಳೆ ಕೂಡೂ ತನಕ ಅಲುಗಾಡದಂಗ ಹಿಡಿದುಕೊಳ್ಳಾಕ ಅಷ್ಟೇ. ಒಳಗ ಹಾಕಿದ ಮೂಳೆ ಚೂರು ಬೆಳದು ಎರಡೂ ಮೂಳೆ ಒಂದಾಗಬೇಕು. ಅದಕ್ಕ ಆರು ತಿಂಗಳಿಂದ ಒಂದು ವರ್ಷ ಬೇಕು. ನಿಕೋಟಿನ್ ರಕ್ತನಾಳ ಕುಗ್ಗಿಸತೈತಿ, ಮೂಳೆ ಬೆಳೆಯೂದಕ್ಕ ಅಡ್ಡ ಬರತೈತಿ. ಸೇದಿದರೂ ಅಷ್ಟೇ, ಅಗಿದರೂ ಅಷ್ಟೇ. ಮೂಳೆ ಕೂಡಲಿಲ್ಲಂದ್ರ ವರ್ಷ ಕಳೆದ ಮ್ಯಾಲ ಸ್ಕ್ರೂ ಸಡಿಲ ಆಗಬಹುದು. ಸರ್ಜನ್‌ಗೆ ಮುಚ್ಚಿಡದ ಹೇಳ್ರಿ.

ಜೋಮಿನ ಬಗ್ಗೆ ಸಮಾಧಾನ ಇರ್ಲಿ. ಒತ್ತಡ ತಗದ ಕೂಡಲೇ ನೋವು ಮೊದಲು ಹೋಗತೈತಿ, ಬಲ ಆಮೇಲೆ, ಸ್ಪರ್ಶ ಎಲ್ಲಕ್ಕಿಂತ ಕಡೀಕ. ಪೆಟ್ಟಾದ ನರ ಬೆಳೆಯೂದು ದಿನಕ್ಕ ಸುಮಾರು 1 ಮಿಲಿಮೀಟರ್. ಸೊಂಟದಿಂದ ಹೆಬ್ಬೆರಳಿಗೆ ಎಷ್ಟು ದೂರ ಐತಿ ಲೆಕ್ಕ ಹಾಕ್ರಿ. ತಿಂಗಳುಗಟ್ಟಲೆ ಬೇಕು, ಕೆಲವರಿಗೆ ಸ್ವಲ್ಪ ಉಳೀತೈತಿ. ಅಲ್ಲೀ ತನಕ ಅವರಿಗೆ ಗೊತ್ತಾಗದಂಗ ಪಾದಕ್ಕ ಗಾಯ ಆಗಬಹುದು. ದಿನಾ ರಾತ್ರಿ ಪಾದ ನೀವು ನೋಡ್ರಿ, ಅವರಿಗೆ ಬಗ್ಗಿ ನೋಡಾಕ ಆಗೂದಿಲ್ಲ. ಬಚ್ಚಲೊಲೆ ಹತ್ರ ಕಾಲು ಕಾಸಾಕ ಬಿಡಬ್ಯಾಡ್ರಿ. ಜೋಮು ಮ್ಯಾಲಕ್ಕ ಹಬ್ಬಿದರ ಅಥವಾ ಬೆರಳು ಎತ್ತಾಕ ಆಗಲಿಲ್ಲಂದ್ರ ಕಾಯಬ್ಯಾಡ್ರಿ.

ಜಗಲಿಮನೆ · ಜುಲೈ 13, ರಾತ್ರಿ 9:20

ಕಾಲು ಕಾಸುವುದು! ಮಳೆಗಾಲದಲ್ಲಿ ಅದೇ ಅವಳ ಸುಖ. ಇವತ್ತು ನೋಡಿದರೆ ಪಾದದ ಬದಿಗೆ ಒಂದು ರೂಪಾಯಿ ಅಗಲದ ಕೆಂಪು ಕಲೆ ಇತ್ತು, ಅವಳಿಗೆ ಗೊತ್ತೇ ಇರಲಿಲ್ಲ. ಒಡೆದಿಲ್ಲ. ನೀವು ಹೇಳದಿದ್ದರೆ ನಾನು ನೋಡುತ್ತಲೇ ಇರಲಿಲ್ಲ.

ಕವಳದ ತಟ್ಟೆಯಿಂದ ಹೊಗೆಸೊಪ್ಪನ್ನು ಅವಳೇ ತೆಗೆದು ಅಪ್ಪನ ಕೈಗೆ ಕೊಟ್ಟಳು. ಸ್ಕ್ರೂ ಸಡಿಲವಾಗುತ್ತದೆ ಅನ್ನೋ ಮಾತು ನಾಟಿತು.

ಜಗಲಿಮನೆ · ಆಗಸ್ಟ್ 23, ಸಂಜೆ 6:10

ನಿನ್ನೆ 12 ವಾರದ ಎಕ್ಸ್‌ರೇ. ಸ್ಕ್ರೂಗಳು ಇದ್ದಲ್ಲೇ ಇವೆ, ಮೂಳೆ ಕೂಡಲು ಶುರುವಾಗಿದೆ ಅಂದರು. ಬೆಲ್ಟ್ ನಿಧಾನಕ್ಕೆ ಬಿಡಬಹುದು. ಹೊಟ್ಟೆ, ಬೆನ್ನಿನ ಸ್ನಾಯುಗಳ ವ್ಯಾಯಾಮ ಈಗಿಂದ. ನೆಲದ ಮೇಲೆ ಕೂರುವುದು ಇನ್ನೂ ಬೇಡ. ಬಚ್ಚಲೊಲೆಯ ಮಾತು ಅಮ್ಮ ತಾನೇ ಕೇಳಿದಳು, ಡಾಕ್ಟರು ಬೇಡ ಅಂದರು. ಅಪ್ಪ ಪಕ್ಕದಲ್ಲೇ ನಿಂತು "ಅದು ನಂದು" ಅಂದ.

ಬರುವಾಗ ಸಾಗರದಲ್ಲಿ ಕಟ್ಟೆಗೆ ಕೂರಿಸುವ ಕಾಯಿ ತುರಿಯೋ ಮಣೆ ತಗೊಂಡೆವು. ಟೀಚರ್, ಇವತ್ತು ಅಮ್ಮ ನಿಂತುಕೊಂಡು ಅರ್ಧ ಕಡಿ ಕಾಯಿ ತುರಿದಳು. ತಂಬುಳಿ ಮಾಡಿದಳು. ಹೆಬ್ಬೆರಳಿನ ಜೋಮು ಸ್ವಲ್ಪ ಇದೆ.

ಮೈಸೂರು ಟೀಚರ್ · ಆಗಸ್ಟ್ 23, ರಾತ್ರಿ 8:00

ಯಾವ ತಂಬುಳಿ ಮಗಳೇ?

ಜಗಲಿಮನೆ · ಆಗಸ್ಟ್ 23, ರಾತ್ರಿ 8:25

ಒಂದೆಲಗದ್ದು. ಸೊಪ್ಪು ಕೊಯ್ದಿದ್ದು ನಾನು.

ಹೊಸನಗರ ಹುಡುಗ · ಸೆಪ್ಟೆಂಬರ್ 4, ಬೆಳಿಗ್ಗೆ 11:00

ನಮಸ್ಕಾರ, ಈಗಷ್ಟೇ ಪೂರ್ತಿ ಓದಿದೆ. ನಮ್ಮ ಅಜ್ಜಿಗೆ ಬರೋ ಸೋಮವಾರ ಬೆನ್ನಿನ ಆಪರೇಷನ್. ಮನೆಯಲ್ಲಿ ನಾನು, ಅಜ್ಜಿ ಇಬ್ಬರೇ. ಆಪರೇಷನ್‌ಗೆ ಮೊದಲೇ ಮನೆಯಲ್ಲಿ ಏನು ಸಿದ್ಧ ಮಾಡಿಟ್ಟುಕೊಳ್ಳಬೇಕು? ನಮ್ಮದೂ ಹಳೇ ಕಕ್ಕಸೇ.

ಜಗಲಿಮನೆ · ಸೆಪ್ಟೆಂಬರ್ 4, ಮಧ್ಯಾಹ್ನ 1:15

ತಮ್ಮಾ, ಮೊದಲೇ ಕೇಳಿದ್ದು ಒಳ್ಳೆಯದಾಯ್ತು, ನಾವು ಬಂದ ಮೇಲೆ ಒದ್ದಾಡಿದೆವು. ಮಂಚದ ಎತ್ತರ ನೋಡು. ಅಜ್ಜಿ ಕೂತರೆ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು. ದಿಮ್ಮಿ ಹೊರಳಿದ ಹಾಗೆ ಏಳುವುದನ್ನು ಇವತ್ತಿಂದಲೇ ಅಭ್ಯಾಸ ಮಾಡಿಸು, ಗಾಯವಿಲ್ಲದ ಬೆನ್ನಿಗೆ ಕಲಿಸೋದು ಸುಲಭ. ರಾತ್ರಿ ಎದ್ದು ಹೋಗುವ ದಾರಿಗೆ ಒಂದು ಸಣ್ಣ ಬಲ್ಬು ಹಾಕು, ಚಾಪೆ, ಕಾಲೊರಸು ಎಲ್ಲ ತೆಗೆ. ನೀನು ಹೊರಗೆ ಹೋಗುವಾಗ ಜೊತೆಗಿರಲು ಮೊದಲ ಎರಡು ವಾರಕ್ಕೆ ಯಾರನ್ನಾದರೂ ಈಗಲೇ ಒಪ್ಪಿಸಿಟ್ಟುಕೋ.

ಕಮೋಡ್ ಕುರ್ಚಿ ಕೊಳ್ಳಬೇಡ. ಅಮ್ಮನಿಗೆ ಅಂತ ಕಮೋಡ್ ಕಟ್ಟಿಸಿದ್ದೇವೆ, ಹಾಗಾಗಿ ನಮ್ಮದು ತೊಳೆದು ಒಣಗಿಸಿ ಅಟ್ಟದ ಮೇಲಿಟ್ಟಿದ್ದೇವೆ. ಭಾನುವಾರ ಬೆಳಿಗ್ಗೆ ಅಪ್ಪ ಸಾಗರದ ಬಸ್ ಸ್ಟ್ಯಾಂಡಿಗೆ ತರುತ್ತಾರೆ, ಎಷ್ಟು ಗಂಟೆಗೆ ಬರುತ್ತೀಯ ಹೇಳು. ಅದರ ಜೊತೆ ಒಂದು ಪೊಟ್ಟಣದಲ್ಲಿ 50 ಚಾಲಿ ಅಡಿಕೆ ಇರುತ್ತದೆ. ಅದು ಅಮ್ಮ ಕಳಿಸಿದ್ದು, ಅಜ್ಜಿಯ ಸುತ್ತಿನ ಲೆಕ್ಕಕ್ಕೆ.